ಕೂದಲಿನ ಮಾತ್ರೆ: ಐವತ್ತು ವರ್ಷಗಳ ಕಥೆ, ಇನ್ನೂ ಮುಗಿಯದ ಲೆಕ್ಕ

ಕೆಲವು ವರ್ಷಗಳ ಹಿಂದೆ ನಮ್ಮ ಸಂಘವು ರಾಜ್ಯೋತ್ಸವದ ಅಂಗವಾಗಿ ರಕ್ತದಾನ ಶಿಬಿರವೊಂದನ್ನು ಏರ್ಪಡಿಸಿತ್ತು. ನಮ್ಮ ಬಳಗದ ತರುಣನೊಬ್ಬ, ಇಲ್ಲಿ ಅಮೆರಿಕದಲ್ಲೇ ಹುಟ್ಟಿ ಬೆಳೆದು ಕಾಲೇಜಿನ ಕೊನೆಯ ವರ್ಷದಲ್ಲಿದ್ದವನು, ತಾಯಿಯೊಡನೆ ಬಂದು ಸಾಲಿನಲ್ಲಿ ಕುಳಿತಿದ್ದ. ಒಳಗೆ ಹೋದವನು ಹತ್ತೇ ನಿಮಿಷಗಳಲ್ಲಿ ತೋಳಿಗೆ ಪಟ್ಟಿಯಿಲ್ಲದೆ ಹೊರಗೆ ಬಂದ.

"ಯಾಕೋ, ಹಿಮೋಗ್ಲೋಬಿನ್ ಕಡಿಮೆ ಇತ್ತಾ?" ಎಂದು ತಾಯಿ ಕೇಳಿದರು. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಮ್ಮ, ಕೂದಲು ಉದುರೋದಕ್ಕೆ ಒಂದು ಮಾತ್ರೆ ತಗೊಳ್ತಿದೀನಿ. ಅದನ್ನ ನಿಲ್ಲಿಸಿ ಒಂದು ತಿಂಗಳಾದ ಮೇಲೆ ಬನ್ನಿ ಅಂದ್ರು" ಎಂದ. ಎರಡು ವರ್ಷಗಳಿಂದ ಅವನು ಆ ಮಾತ್ರೆಯನ್ನು ನುಂಗುತ್ತಿದ್ದುದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ತಾಯಿ ಗದರಲಿಲ್ಲ. ಮೂರು ಪ್ರಶ್ನೆಗಳನ್ನು ಮಾತ್ರ ಕೇಳಿದರು: "ಕೂದಲಿನ ಮಾತ್ರೆಗೂ ರಕ್ತಕ್ಕೂ ಏನೋ ಸಂಬಂಧ? ಇನ್ನೂ ಎಷ್ಟು ವರ್ಷ ತಗೋಬೇಕು? ಅಷ್ಟು ವರ್ಷ ತಗೊಂಡ್ರೆ ಏನೂ ಆಗಲ್ವಾ?"

ಮಗನ ಬಳಿ ಉತ್ತರವಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ನಮ್ಮ ಬಳಿಯೂ ಇರಲಿಲ್ಲ. ಆ ಕುಟುಂಬದ ಒಪ್ಪಿಗೆ ಪಡೆದು, ಆ ಮೂರು ಪ್ರಶ್ನೆಗಳ ಬೆನ್ನು ಹತ್ತಿ ನಾವು ಓದಿ ತಿಳಿದುದನ್ನು ಇಲ್ಲಿ ನಿರೂಪಿಸುತ್ತಿದ್ದೇವೆ. ನಾವು ವೈದ್ಯರಲ್ಲ, ಇದು ಔಷಧದ ಸಲಹೆಯೂ ಅಲ್ಲ. ಒಂದು ಔಷಧದ ಸುರಕ್ಷತೆಯ ಬಗೆಗಿನ ತಿಳಿವಳಿಕೆ ಹೇಗೆ ನಿಧಾನವಾಗಿ ಬೆಳೆಯಿತು ಎಂಬುದರ ಇತಿಹಾಸ ಮಾತ್ರ.

ಹಾರ್ಮೋನಿನ ಜಾಡು

ಬೋಳುತಲೆಯ ಚಿಂತೆ ಹೊಸದೇನಲ್ಲ. ನಮ್ಮ ಆಯುರ್ವೇದ ಗ್ರಂಥಗಳು ಇದನ್ನು ಖಾಲಿತ್ಯ, ಇಂದ್ರಲುಪ್ತ ಎಂಬ ಹೆಸರುಗಳಿಂದ ಚರ್ಚಿಸಿವೆ. ಗರುಗದ ಸೊಪ್ಪಿನ ಎಣ್ಣೆ ಕಾಯಿಸುವ ಅಜ್ಜಿಯರನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಅತ್ತ ಗ್ರೀಸಿನಲ್ಲಿ, ವೃಷಣ ತೆಗೆದ ಗಂಡಸರಿಗೆ ತಲೆ ಬೋಳಾಗುವುದಿಲ್ಲವೆಂಬುದನ್ನು ಹಿಪೊಕ್ರೇಟಿಸನ ಹೆಸರಿನ ಸೂತ್ರಗಳು ಎರಡು ಸಾವಿರ ವರ್ಷಗಳ ಹಿಂದೆಯೇ ಗುರುತಿಸಿದ್ದವು.

ಈ ಹಳೆಯ ಗಮನಿಕೆಗೆ ವೈಜ್ಞಾನಿಕ ಆಧಾರ ಒದಗಿದ್ದು 1942ರಲ್ಲಿ. ಅಮೆರಿಕದ ಅಂಗರಚನಾ ವಿಜ್ಞಾನಿ ಜೇಮ್ಸ್ ಹ್ಯಾಮಿಲ್ಟನ್ ಅವರು, ಪ್ರಾಯಕ್ಕೆ ಬರುವ ಮೊದಲೇ ವೃಷಣಗಳ ಕಾರ್ಯವನ್ನು ಕಳೆದುಕೊಂಡಿದ್ದ ಗಂಡಸರನ್ನು ಅಧ್ಯಯನ ಮಾಡಿದರು. ಅವರಿಗೆ ತಲೆ ಬೋಳಾಗಿರಲಿಲ್ಲ. ಆದರೆ ಟೆಸ್ಟೊಸ್ಟಿರೋನ್ ಹಾರ್ಮೋನನ್ನು ಕೊಟ್ಟಾಗ, ಮನೆತನದಲ್ಲಿ ಬೋಳುತಲೆಯಿದ್ದವರ ಕೂದಲು ಉದುರತೊಡಗಿತು. ಹಾರ್ಮೋನನ್ನು ನಿಲ್ಲಿಸಿದಾಗ ಉದುರುವಿಕೆ ನಿಂತಿತಾದರೂ ಹೋದ ಕೂದಲು ಮರಳಲಿಲ್ಲ. ಬೋಳುತಲೆಗೆ ವಂಶ ಮತ್ತು ಹಾರ್ಮೋನು ಎರಡೂ ಸೇರಬೇಕು ಎಂಬುದು ಅಂದು ಖಚಿತವಾಯಿತು. ಆದರೆ ಗಂಡಸಿನ ಹಾರ್ಮೋನನ್ನೇ ಕಿತ್ತುಹಾಕಿ ಕೂದಲನ್ನು ಉಳಿಸಿಕೊಳ್ಳುವ ಚಿಕಿತ್ಸೆಯನ್ನು ಯಾರೂ ಒಪ್ಪುವಂತಿರಲಿಲ್ಲ. ಆದ್ದರಿಂದ ಮುಂದಿನ ಮೂವತ್ತು ವರ್ಷ ಈ ಜ್ಞಾನವು ಔಷಧವಾಗದೆ ಉಳಿಯಿತು.

ರಕ್ತದೊತ್ತಡದ ಮಾತ್ರೆ ತಂದ ಕೂದಲು

ಮೊದಲ ಔಷಧವು ಬೇರೊಂದು ದಾರಿಯಿಂದ, ಆಕಸ್ಮಿಕವಾಗಿ ಬಂತು. ಮಿಶಿಗನ್ ರಾಜ್ಯದ ಕಲಮಜೂ ಪಟ್ಟಣದ ಅಪ್‌ಜಾನ್ ಕಂಪನಿಯು ಮಿನಾಕ್ಸಿಡಿಲ್ ಎಂಬ ರಾಸಾಯನಿಕವನ್ನು ತಯಾರಿಸಿತ್ತು. ರಕ್ತನಾಳಗಳನ್ನು ಹಿಗ್ಗಿಸುವ ಅದರ ಶಕ್ತಿ ಅಸಾಧಾರಣವಾಗಿತ್ತು. 1970ರ ದಶಕದ ಆರಂಭದಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ತೀವ್ರ ರಕ್ತದೊತ್ತಡದ ರೋಗಿಗಳಿಗೆ ಅದನ್ನು ಕೊಟ್ಟು ನೋಡುತ್ತಿದ್ದಾಗ, ಕೆಲವರ ಮುಖ, ತೋಳು, ಬೆನ್ನುಗಳ ಮೇಲೆ ಕೂದಲು ಬೆಳೆಯತೊಡಗಿತು. ಅಲ್ಲಿದ್ದ ಚರ್ಮವೈದ್ಯ ಗುಂಟರ್ ಕಾನ್ ಮತ್ತು ಅವರ ಸಹೋದ್ಯೋಗಿ ಪಾಲ್ ಗ್ರಾಂಟ್ ಅವರು ಅದನ್ನು ದ್ರಾವಣವಾಗಿಸಿ ತಮ್ಮ ಚರ್ಮದ ಮೇಲೆಯೇ ಹಚ್ಚಿ ಪರೀಕ್ಷಿಸಿದರು. ಕೂದಲು ಬಂದಿತು. ಪೇಟೆಂಟ್ ಯಾರಿಗೆ ಸೇರಬೇಕೆಂಬ ವಿವಾದವೂ ಅದರ ಹಿಂದೆಯೇ ಬಂದಿತು.

1979ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಮಿನಾಕ್ಸಿಡಿಲ್ ಮಾತ್ರೆಗೆ ಲೊನಿಟೆನ್ ಎಂಬ ಹೆಸರಿನಲ್ಲಿ ಅನುಮತಿ ಕೊಟ್ಟಿತು. ಆದರೆ ಬೇರೆ ಔಷಧಗಳಿಂದ ಹತೋಟಿಗೆ ಬಾರದ ತೀವ್ರ ರಕ್ತದೊತ್ತಡಕ್ಕೆ ಮಾತ್ರ. ಹೃದಯದ ಸುತ್ತಲಿನ ಪೊರೆಯಲ್ಲಿ ನೀರು ತುಂಬಬಹುದು, ಎದೆನೋವು ಹೆಚ್ಚಬಹುದು ಎಂಬ ಕಟ್ಟುನಿಟ್ಟಿನ ಎಚ್ಚರಿಕೆಯೂ ಜೊತೆಗಿತ್ತು. ಆದರೂ ಹಲವು ವೈದ್ಯರು ಆ ಮಾತ್ರೆಗಳನ್ನು ಪುಡಿಮಾಡಿಸಿ, ಹಚ್ಚುವ ದ್ರಾವಣವನ್ನಾಗಿ ಮಾಡಿಸಿ ಬೋಳುತಲೆಗೆ ಬರೆದುಕೊಡತೊಡಗಿದರು. ಅಧಿಕೃತ ಪ್ರಯೋಗ ಮುಗಿಯುವ ಮುನ್ನವೇ ಜನ ಓಡಿಹೋಗಿ ಸಾಲು ನಿಲ್ಲುವ ಈ ದೃಶ್ಯವನ್ನು ಮುಂದೆಯೂ ಕಾಣಲಿದ್ದೇವೆ.

1988ರಲ್ಲಿ ಶೇ. 2ರ ಹಚ್ಚುವ ದ್ರಾವಣಕ್ಕೆ ಅನುಮತಿ ದೊರೆಯಿತು. ‘ರೀಗೇನ್’ ಎಂದರೆ ಕಳೆದುದನ್ನು ಮರಳಿ ಪಡೆಯುವುದು. ಅದು ಅತಿಯಾದ ಭರವಸೆಯಾಯಿತೆಂದು ಎಫ್‌ಡಿಎ ಆ ಹೆಸರನ್ನು ಒಪ್ಪದಿದ್ದುದರಿಂದ ಅದು ಅಮೆರಿಕದಲ್ಲಿ ‘ರೋಗೇನ್’ ಆಯಿತು. 1991ರಲ್ಲಿ ಮಹಿಳೆಯರಿಗೂ ಅನುಮತಿ ಸಿಕ್ಕಿತು. 1996ರಲ್ಲಿ ವೈದ್ಯರ ಚೀಟಿಯಿಲ್ಲದೆಯೇ ಅಂಗಡಿಯಲ್ಲಿ ಸಿಗುವಂತಾಯಿತು. ಹಚ್ಚುವ ದ್ರಾವಣದಿಂದ ರಕ್ತಕ್ಕೆ ಸೇರುವ ಔಷಧದ ಪ್ರಮಾಣ ಅತ್ಯಲ್ಪವಾದುದೇ ಈ ನಿರಾಳತೆಗೆ ಕಾರಣ.

ಸಲಿನಾಸ್ ಹಳ್ಳಿಯ ಮಕ್ಕಳು

ಶಿಬಿರದಲ್ಲಿ ಆ ತರುಣನನ್ನು ಹಿಂದಕ್ಕೆ ಕಳುಹಿಸಿದ ಮಾತ್ರೆಯ ಹೆಸರು ಫಿನಾಸ್ಟರೈಡ್. ಅದರ ಕಥೆ ಕೆರಿಬಿಯನ್ ಸಮುದ್ರದ ಡೊಮಿನಿಕನ್ ರಿಪಬ್ಲಿಕ್ ದೇಶದ ಸಲಿನಾಸ್ ಎಂಬ ಒಂಟಿ ಹಳ್ಳಿಯಲ್ಲಿ ಆರಂಭವಾಗುತ್ತದೆ. ಅಲ್ಲಿ ಕೆಲವು ಮಕ್ಕಳು ಹುಟ್ಟುವಾಗ ಹೆಣ್ಣುಮಕ್ಕಳಂತೆ ತೋರುತ್ತಿದ್ದರು, ಹೆಣ್ಣೆಂದೇ ಬೆಳೆಯುತ್ತಿದ್ದರು. ಹನ್ನೆರಡರ ಸುಮಾರಿಗೆ ಅವರ ದೇಹವು ಗಂಡಾಗಿ ಮಾರ್ಪಡುತ್ತಿತ್ತು. ಹಳ್ಳಿಯವರಿಗೆ ಇದು ಅಪರಿಚಿತ ಸಂಗತಿಯಲ್ಲ. ಅಂಥ ಮಕ್ಕಳನ್ನು ಕರೆಯಲು ಅವರ ಮಾತಿನಲ್ಲಿ ಒಂದು ಪದವೇ ಇತ್ತು.

ಕಾರ್ನೆಲ್ ವಿಶ್ವವಿದ್ಯಾಲಯದ ವೈದ್ಯೆ ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ಮತ್ತು ಸಂಗಡಿಗರು ಅಲ್ಲಿಗೆ ಹೋಗಿ ಅಧ್ಯಯನ ನಡೆಸಿ, 1974ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಕಾರಣವನ್ನು ಪ್ರಕಟಿಸಿದರು. ಟೆಸ್ಟೊಸ್ಟಿರೋನನ್ನು ಡೈಹೈಡ್ರೊಟೆಸ್ಟೊಸ್ಟಿರೋನ್ ಎಂಬ ಇನ್ನಷ್ಟು ಪ್ರಬಲ ಹಾರ್ಮೋನಾಗಿ ಮಾರ್ಪಡಿಸುವ ಒಂದು ಕಿಣ್ವವಿದೆ. ಎರಡನೆಯ ಈ ಹಾರ್ಮೋನನ್ನು ಚುಟುಕಾಗಿ ಡಿಎಚ್‌ಟಿ ಎನ್ನುತ್ತಾರೆ. ಗರ್ಭದಲ್ಲಿ ಗಂಡು ಭ್ರೂಣದ ಹೊರ ಜನನಾಂಗಗಳನ್ನು ರೂಪಿಸುವುದು ಡಿಎಚ್‌ಟಿಯೇ. ಸಲಿನಾಸ್‌ನ ಆ ಮಕ್ಕಳಲ್ಲಿ ಕಿಣ್ವದ ಕೊರತೆ ವಂಶಪಾರಂಪರ್ಯವಾಗಿ ಬಂದಿತ್ತು.

ಈ ಮಕ್ಕಳು ದೊಡ್ಡವರಾದಾಗ ಮೂರು ಲಕ್ಷಣಗಳು ಕಂಡುಬಂದವು. ಗಡ್ಡ ವಿರಳ, ಪ್ರಾಸ್ಟೇಟ್ ಗ್ರಂಥಿ ಚಿಕ್ಕದು, ಹಣೆಯ ಮೇಲಿನ ಕೂದಲು ಹಿಂದೆ ಸರಿಯದು. ಹ್ಯಾಮಿಲ್ಟನ್ನರ ಒಗಟಿಗೆ ಇಲ್ಲಿ ಉತ್ತರ ಸಿಕ್ಕಿತು: ಟೆಸ್ಟೊಸ್ಟಿರೋನನ್ನು ಮುಟ್ಟದೆ, ಡಿಎಚ್‌ಟಿಯನ್ನಷ್ಟೇ ತಗ್ಗಿಸಿದರೆ ಸಾಕು. ಮರ್ಕ್ ಕಂಪನಿಯ ಸಂಶೋಧನೆಯ ಹೊಣೆ ಹೊತ್ತಿದ್ದ ರಾಯ್ ವಗೆಲೋಸ್ ಅವರ ಗಮನ ಈ ಕೆಲಸದತ್ತ ಹರಿಯಿತು. ಆ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ ಸಿದ್ಧವಾಯಿತು. 1992ರಲ್ಲಿ 5 ಮಿಲಿಗ್ರಾಂ ಮಾತ್ರೆಯು ಪ್ರಾಸ್ಕಾರ್ ಎಂಬ ಹೆಸರಿನಲ್ಲಿ, ವಯಸ್ಸಾದ ಗಂಡಸರ ಪ್ರಾಸ್ಟೇಟ್ ಊತಕ್ಕೆ ಬಂತು. 1997ರ ಡಿಸೆಂಬರಿನಲ್ಲಿ 1 ಮಿಲಿಗ್ರಾಂ ಮಾತ್ರೆಯು ಪ್ರೊಪೇಸಿಯಾ ಎಂಬ ಹೆಸರಿನಲ್ಲಿ ಕೂದಲಿಗೆ ಬಂತು.

ಆ ತಾಯಿಯ ಮೊದಲ ಪ್ರಶ್ನೆಗೆ ಇಲ್ಲಿಯೇ ಉತ್ತರವಿದೆ. ದಾನ ಮಾಡಿದ ರಕ್ತವು ಯಾರಿಗೆ ಸೇರುವುದೋ ಹೇಳಲಾಗದು. ಅದು ಗಂಡು ಮಗುವನ್ನು ಹೊತ್ತ ಗರ್ಭಿಣಿಗೆ ಸೇರಿದರೆ, ರಕ್ತದಲ್ಲಿನ ಔಷಧವು ಆ ಮಗುವಿನ ಡಿಎಚ್‌ಟಿಯನ್ನೂ ತಡೆಯಬಹುದು. ಆದ್ದರಿಂದಲೇ ಇಲ್ಲಿ ಫಿನಾಸ್ಟರೈಡ್ ನಿಲ್ಲಿಸಿ ಒಂದು ತಿಂಗಳು ಕಾಯಬೇಕು. ಅದೇ ಜಾತಿಯ, ಇನ್ನೂ ಪ್ರಬಲವಾದ ಡುಟಾಸ್ಟರೈಡ್ ತೆಗೆದುಕೊಳ್ಳುವವರು ಆರು ತಿಂಗಳು ಕಾಯಬೇಕು. ಒಡೆದ ಅಥವಾ ಪುಡಿಯಾದ ಫಿನಾಸ್ಟರೈಡ್ ಮಾತ್ರೆಯನ್ನು ಗರ್ಭಿಣಿಯರು ಮುಟ್ಟಬಾರದೆಂಬ ಎಚ್ಚರಿಕೆಯ ಮೂಲವೂ ಇದೇ.

1997ರ ಭರವಸೆ

ಪ್ರೊಪೇಸಿಯಾಕ್ಕೆ ಅನುಮತಿ ದೊರೆಯುವ ಮುನ್ನ ನಡೆದ ಮೂರು ಪ್ರಯೋಗಗಳಲ್ಲಿ 18ರಿಂದ 41ರ ವಯಸ್ಸಿನ 1,879 ಗಂಡಸರು ಭಾಗವಹಿಸಿದ್ದರು. 945 ಮಂದಿಗೆ ಔಷಧ, 934 ಮಂದಿಗೆ ಹುಸಿ ಮಾತ್ರೆ. ಯಾರಿಗೆ ಯಾವುದೆಂಬುದು ಅವರಿಗೂ ವೈದ್ಯರಿಗೂ ತಿಳಿಯದು. ಫಲ ನಿಜವಾಗಿತ್ತು. ನೆತ್ತಿಯ ಮೇಲೆ ಒಂದು ಇಂಚು ವ್ಯಾಸದ ವೃತ್ತವನ್ನು ಗುರುತಿಸಿ ಕೂದಲನ್ನು ಎಣಿಸಿದಾಗ, ಆರಂಭದಲ್ಲಿ ಸರಾಸರಿ 876 ಕೂದಲುಗಳಿದ್ದವು. ಒಂದು ವರ್ಷದ ನಂತರ ಔಷಧದವರಿಗೂ ಹುಸಿ ಮಾತ್ರೆಯವರಿಗೂ 107 ಕೂದಲುಗಳ ಅಂತರವಿತ್ತು. ಪ್ರಯೋಗವನ್ನು ಮುಂದುವರಿಸಿದವರಲ್ಲಿ ಐದು ವರ್ಷಗಳ ನಂತರ ಆ ಅಂತರ 277 ಆಯಿತು. ಅಂತರ ಬೆಳೆದದ್ದಕ್ಕೆ ಮುಖ್ಯ ಕಾರಣ, ಹುಸಿ ಮಾತ್ರೆಯವರ ಕೂದಲು ಉದುರುತ್ತಲೇ ಹೋದುದು. ಅಂದರೆ ಈ ಔಷಧವು ಹೊಸ ಬೆಳೆ ತೆಗೆಯುವುದಕ್ಕಿಂತ ಇರುವ ಬೆಳೆಯನ್ನು ಕಾಯುವ ಕೆಲಸವನ್ನೇ ಹೆಚ್ಚಾಗಿ ಮಾಡುತ್ತದೆ.

ಅಡ್ಡಪರಿಣಾಮಗಳ ಲೆಕ್ಕವೂ ಇತ್ತು. ಕಾಮಾಸಕ್ತಿ ತಗ್ಗುವುದು, ನಿಮಿರುವಿಕೆಯ ತೊಂದರೆ, ವೀರ್ಯದ ಪ್ರಮಾಣ ಕುಗ್ಗುವುದು ಇವು ಔಷಧ ಪಡೆದವರಲ್ಲಿ ಶೇ. 3.8ರಷ್ಟು ಮಂದಿಗೆ, ಹುಸಿ ಮಾತ್ರೆ ಪಡೆದವರಲ್ಲಿ ಶೇ. 2.1ರಷ್ಟು ಮಂದಿಗೆ ಕಂಡುಬಂದವು. ನೂರಕ್ಕೆ ಎರಡಕ್ಕಿಂತ ಕಡಿಮೆ ಅಂತರ. ಔಷಧವನ್ನು ನಿಲ್ಲಿಸಿದವರೆಲ್ಲರಿಗೂ ಈ ತೊಂದರೆ ನಿವಾರಣೆಯಾಯಿತೆಂದು ಅಂದಿನ ಮಾಹಿತಿಪತ್ರವು ತಿಳಿಸಿತ್ತು. ಆ ಒಂದು ಮಾತೇ ಸಾವಿರಾರು ವೈದ್ಯರಿಗೆ, ಲಕ್ಷಾಂತರ ತರುಣರಿಗೆ ಧೈರ್ಯ ಕೊಟ್ಟಿತು: ತೊಂದರೆಯಾದರೆ ನಿಲ್ಲಿಸಿದರಾಯಿತು.

ಆ ಮಾತು ಸುಳ್ಳಾಗಿರಲಿಲ್ಲ. ಪ್ರಯೋಗದೊಳಗೆ ಕಂಡದ್ದನ್ನೇ ಅದು ಹೇಳಿತ್ತು. ಆದರೆ ಕೆಲವೇ ವರ್ಷಗಳ, ಎರಡು ಸಾವಿರಕ್ಕಿಂತ ಕಡಿಮೆ ಜನರ ಪ್ರಯೋಗದಲ್ಲಿ ಹತ್ತು ಸಾವಿರಕ್ಕೊಬ್ಬರಿಗೆ ಆಗುವ ತೊಂದರೆ ಕಾಣಿಸಿಕೊಳ್ಳುವ ಸಂಭವ ಬಹಳ ಕಡಿಮೆ. ಈ ಮಾತ್ರೆಯ ಫಲವಾದರೋ ನುಂಗುವವರೆಗೆ ಮಾತ್ರ. ನಿಲ್ಲಿಸಿದರೆ ಸುಮಾರು ಒಂದು ವರ್ಷದಲ್ಲಿ ಗಳಿಸಿದ್ದೆಲ್ಲ ಹೋಗುತ್ತದೆ. ಇದೇ ಆ ತಾಯಿಯ ಎರಡನೆಯ ಪ್ರಶ್ನೆಗೆ ಉತ್ತರ. ಇಪ್ಪತ್ತರಲ್ಲಿ ಆರಂಭಿಸಿದವನು ಐವತ್ತರವರೆಗೆ ಕೂದಲು ಬೇಕೆಂದರೆ ಮೂವತ್ತು ವರ್ಷ ನುಂಗಬೇಕು. ಪ್ರಯೋಗದ ಐದು ವರ್ಷಗಳಿಗೂ ಬದುಕಿನ ಮೂವತ್ತು ವರ್ಷಗಳಿಗೂ ನಡುವಿನ ಈ ಅಂತರವೇ ಇಡೀ ಚರ್ಚೆಯ ತಿರುಳು ಎಂದು ನಮಗೆ ತೋರುತ್ತದೆ.

ಒಂದೊಂದಾಗಿ ಬಂದ ತಿದ್ದುಪಡಿಗಳು

ಆ ಅಂತರದಲ್ಲಿ ಕಂಡುದನ್ನು ಮೊದಲು ಹೇಳತೊಡಗಿದವರು ಔಷಧ ತೆಗೆದುಕೊಂಡವರೇ. ಮಾತ್ರೆ ನಿಲ್ಲಿಸಿ ತಿಂಗಳುಗಳು ಕಳೆದರೂ ಲೈಂಗಿಕ ತೊಂದರೆ ಹೋಗಲಿಲ್ಲ, ಮನಸ್ಸು ಮಂಕಾಗಿದೆ ಎಂಬ ದೂರುಗಳು ಹಲವು ದೇಶಗಳಿಂದ ಬರತೊಡಗಿದವು. ಸ್ವೀಡನ್ 2008ರಲ್ಲಿ, ಬ್ರಿಟನ್ 2009ರಲ್ಲಿ ಮಾಹಿತಿಪತ್ರವನ್ನು ತಿದ್ದಿದವು. ಅಮೆರಿಕದಲ್ಲಿ 2011ರಲ್ಲಿ, ಔಷಧ ನಿಲ್ಲಿಸಿದ ಮೇಲೂ ಮುಂದುವರಿದ ನಿಮಿರುವಿಕೆಯ ತೊಂದರೆಯ ಉಲ್ಲೇಖ ಸೇರಿತು; 2012ರಲ್ಲಿ ಕಾಮಾಸಕ್ತಿ ಮತ್ತು ಸ್ಖಲನದ ತೊಂದರೆಗಳೂ ಸೇರಿದವು. ಎಲ್ಲರಿಗೂ ನಿವಾರಣೆಯಾಗುತ್ತದೆಂಬ ಹಳೆಯ ಭರವಸೆ ಹೀಗೆ ಹದಿನೈದು ವರ್ಷಗಳಲ್ಲಿ ಕರಗಿತು.

ಮುಂದಿನ ಸುತ್ತು ಮನಸ್ಸಿಗೆ ಸಂಬಂಧಿಸಿದುದು. 2017ರಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆಯು ಖಿನ್ನತೆ ಹಾಗೂ ಆತ್ಮಹತ್ಯೆಯ ಆಲೋಚನೆಯ ಬಗ್ಗೆ ವೈದ್ಯರನ್ನು ಎಚ್ಚರಿಸಿತು. ಅದೇ ವರ್ಷ ಅಮೆರಿಕದಲ್ಲಿ, ಈ ಮಾತ್ರೆಯನ್ನು ಮಾರುಕಟ್ಟೆಯಿಂದಲೇ ತೆಗೆಯಬೇಕೆಂಬ ಮನವಿ ಎಫ್‌ಡಿಎಗೆ ಸಲ್ಲಿಕೆಯಾಯಿತು. ಐದು ವರ್ಷಗಳ ನಂತರ, 2022ರಲ್ಲಿ, ಎಫ್‌ಡಿಎ ಉತ್ತರಿಸಿತು: ಔಷಧವನ್ನು ತೆಗೆಯಲು ಸಾಕಷ್ಟು ಆಧಾರವಿಲ್ಲ, ಆದರೆ ಆತ್ಮಹತ್ಯೆಯ ಆಲೋಚನೆ ಮತ್ತು ವರ್ತನೆಯ ವರದಿಗಳ ಉಲ್ಲೇಖ ಮಾಹಿತಿಪತ್ರದಲ್ಲಿ ಇರಬೇಕು. 2024ರಲ್ಲಿ ಬ್ರಿಟನ್ ಪ್ರತಿ ಪೆಟ್ಟಿಗೆಯಲ್ಲೂ ಎಚ್ಚರಿಕೆಯ ಚೀಟಿಯೊಂದನ್ನು ಇಡುವ ಕ್ರಮ ತಂದಿತು. 2025ರ ಮೇ ತಿಂಗಳಿನಲ್ಲಿ ಯುರೋಪಿನ ಔಷಧ ಸಂಸ್ಥೆಯ ಸುರಕ್ಷತಾ ಸಮಿತಿಯು, ಆತ್ಮಹತ್ಯೆಯ ಆಲೋಚನೆಯು ಫಿನಾಸ್ಟರೈಡ್ ಮಾತ್ರೆಯ ಅಡ್ಡಪರಿಣಾಮವೆಂದು ದೃಢಪಡಿಸಿತು. ಅದರ ಪ್ರಮಾಣ ಎಷ್ಟೆಂದು ಹೇಳಲಾಗದೆಂದೂ, ಅನುಮತಿ ಪಡೆದ ಉಪಯೋಗಗಳಲ್ಲಿ ಪ್ರಯೋಜನವು ಅಪಾಯಕ್ಕಿಂತ ಹೆಚ್ಚೇ ಇದೆಯೆಂದೂ ಅದೇ ಸಮಿತಿ ಹೇಳಿತು.

ಲೆಕ್ಕ ಏಕೆ ಮುಗಿಯದು

ಈ ಕೊನೆಯ ಮಾತು ವಿರೋಧಾಭಾಸದಂತೆ ಕಾಣಬಹುದು. ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು.

ಯುರೋಪಿನ ಸಮಿತಿಯ ಮುಂದೆ ಫಿನಾಸ್ಟರೈಡ್‌ಗೆ ಸಂಬಂಧಿಸಿದ 313 ಆತ್ಮಹತ್ಯೆಯ ಆಲೋಚನೆಯ ವರದಿಗಳಿದ್ದವು. ಅವುಗಳಲ್ಲಿ ಹೆಚ್ಚಿನವು ಕೂದಲಿಗೆ 1 ಮಿಲಿಗ್ರಾಂ ಮಾತ್ರೆ ತೆಗೆದುಕೊಂಡವರವು. ಎದುರಿಗೆ ಇಟ್ಟು ನೋಡಿದ ಬಳಕೆಯ ಅಂದಾಜು ಸುಮಾರು 27 ಕೋಟಿ ರೋಗಿ-ವರ್ಷಗಳು. ಒಬ್ಬರು ಒಂದು ವರ್ಷ ತೆಗೆದುಕೊಂಡರೆ ಒಂದು ರೋಗಿ-ವರ್ಷ. ಮೊದಲನೆಯ ಅಂಕಿಯನ್ನು ಎರಡನೆಯದರಿಂದ ಭಾಗಿಸಿ ನಿಶ್ಚಿಂತರಾಗುವಂತಿಲ್ಲ. ತನ್ನ ಮನಸ್ಸಿನ ಕತ್ತಲೆಗೂ ಕೂದಲಿನ ಮಾತ್ರೆಗೂ ಸಂಬಂಧವಿರಬಹುದೆಂದು ಎಷ್ಟು ಮಂದಿಗೆ ಹೊಳೆಯುತ್ತದೆ? ಹೊಳೆದವರಲ್ಲಿ ಎಷ್ಟು ಮಂದಿ ವರದಿ ಮಾಡುತ್ತಾರೆ? ಹಾಗೆಂದು ಪ್ರತಿ ವರದಿಗೂ ಮಾತ್ರೆಯೇ ಕಾರಣವೆಂದೂ ಹೇಳಲಾಗದು. ಇಪ್ಪತ್ತರ ಹರೆಯದಲ್ಲಿ ಕೂದಲು ಕಳೆದುಕೊಳ್ಳುವವರು ಮೊದಲೇ ನೊಂದಿರುತ್ತಾರೆ. ಖಿನ್ನತೆ ಆ ವಯಸ್ಸಿನಲ್ಲಿ ಅಪರೂಪವೂ ಅಲ್ಲ.

2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರದಿ ಸಂಗ್ರಹವನ್ನು ಶೋಧಿಸಿದ ಅಧ್ಯಯನವೊಂದು ಈ ಗೋಜಲನ್ನು ಚೆನ್ನಾಗಿ ತೋರಿಸುತ್ತದೆ. ಆತ್ಮಹತ್ಯೆಗೆ ಸಂಬಂಧಿಸಿದ ವರದಿಗಳು ಕೂದಲಿಗೆ ಫಿನಾಸ್ಟರೈಡ್ ತೆಗೆದುಕೊಂಡ, 45ಕ್ಕಿಂತ ಕಿರಿಯರಲ್ಲಿ ನಿರೀಕ್ಷೆಗಿಂತ ಹೆಚ್ಚಿದ್ದವು; ಪ್ರಾಸ್ಟೇಟ್‌ಗಾಗಿ ತೆಗೆದುಕೊಂಡ ಹಿರಿಯರಲ್ಲಿ ಅಂಥ ಸೂಚನೆ ಇರಲಿಲ್ಲ. ಆದರೆ 2012ರ ನಂತರ, ಅಂದರೆ ಸುದ್ದಿ ಹರಡಿದ ಮೇಲೆ, ವರದಿಗಳು ಏರಿದ್ದನ್ನೂ ಅದೇ ಅಧ್ಯಯನ ಗಮನಿಸಿತು. ಭಯವೇ ರೋಗವಾಗಬಲ್ಲದೆಂಬುದಕ್ಕೆ ಇಟಲಿಯ 2007ರ ಪ್ರಯೋಗವೊಂದು ಸಾಕ್ಷಿ. ಪ್ರಾಸ್ಟೇಟ್ ಊತಕ್ಕೆ 5 ಮಿಲಿಗ್ರಾಂ ಫಿನಾಸ್ಟರೈಡ್ ಪಡೆದವರಲ್ಲಿ, ಲೈಂಗಿಕ ತೊಂದರೆಯ ಸಾಧ್ಯತೆಯನ್ನು ಮೊದಲೇ ತಿಳಿಸಿದ್ದ ಗುಂಪಿನ ಶೇ. 43.6ರಷ್ಟು ಮಂದಿ ತೊಂದರೆ ಹೇಳಿಕೊಂಡರು. ತಿಳಿಸದ ಗುಂಪಿನಲ್ಲಿ ಹೇಳಿಕೊಂಡವರು ಶೇ. 15.3ರಷ್ಟು ಮಾತ್ರ.

ಹಾಗಾದರೆ ಎಲ್ಲವೂ ಮನಸ್ಸಿನ ಭ್ರಮೆಯೇ? ಅದೂ ಅಲ್ಲ. ಈ ಔಷಧವು ತಡೆಯುವ ಕಿಣ್ವ ಕುಟುಂಬವೇ ಮಿದುಳಿನಲ್ಲಿ ಮನಸ್ಸನ್ನು ಶಾಂತಗೊಳಿಸುವ ಕೆಲವು ರಾಸಾಯನಿಕಗಳನ್ನೂ ತಯಾರಿಸುತ್ತದೆ. ಅವುಗಳಲ್ಲಿ ಒಂದಾದ ಅಲೊಪ್ರೆಗ್ನನಲೋನ್ ಎಂಬುದನ್ನೇ 2019ರಲ್ಲಿ ಅಮೆರಿಕದಲ್ಲಿ ಬಾಣಂತಿಯರ ಖಿನ್ನತೆಗೆ ಔಷಧವಾಗಿ ಒಪ್ಪಲಾಯಿತು. ಆದ್ದರಿಂದ ಮಾತ್ರೆಗೂ ಮನಸ್ಸಿಗೂ ನಂಟಿರಬಹುದೆಂಬುದು ಆಧಾರವಿಲ್ಲದ ಊಹೆಯಲ್ಲ. ಭಯದಿಂದ ಬಂದ ತೊಂದರೆ, ಔಷಧದಿಂದ ಬಂದ ತೊಂದರೆ ಎರಡೂ ಇರಬಹುದು. ಒಬ್ಬನೇ ವ್ಯಕ್ತಿಯಲ್ಲಿ ಯಾವುದು ಎಷ್ಟೆಂದು ಬೇರ್ಪಡಿಸುವ ಪರೀಕ್ಷೆ ಇಲ್ಲ.

ಇಪ್ಪತ್ತು ವರ್ಷ ಕಾದಾಗ ತಿಳಿದದ್ದು

ದೀರ್ಘಕಾಲ ಕಾದು ನೋಡಿದರೆ ಲೆಕ್ಕ ಹೇಗೆ ಬದಲಾಗುತ್ತದೆಂಬುದಕ್ಕೆ ಒಂದು ಒಳ್ಳೆಯ ಉದಾಹರಣೆಯೂ ಇದೇ ಔಷಧದ ಚರಿತ್ರೆಯಲ್ಲಿದೆ. ಫಿನಾಸ್ಟರೈಡ್ ಪ್ರಾಸ್ಟೇಟ್ ಕ್ಯಾನ್ಸರನ್ನು ತಡೆಯಬಲ್ಲದೇ ಎಂದು ನೋಡಲು 1993ರಲ್ಲಿ ಅಮೆರಿಕದಲ್ಲಿ 55 ದಾಟಿದ 18,882 ಗಂಡಸರ ಪ್ರಯೋಗ ಆರಂಭವಾಯಿತು. ಇಲ್ಲಿ ಕೊಟ್ಟದ್ದು 5 ಮಿಲಿಗ್ರಾಂ. 2003ರ ಫಲಿತಾಂಶದಲ್ಲಿ ಕ್ಯಾನ್ಸರ್ ಸುಮಾರು ಕಾಲುಭಾಗ ಕಡಿಮೆಯಾಗಿತ್ತು. ಆದರೆ ಉಗ್ರ ಬಗೆಯ ಕ್ಯಾನ್ಸರ್ ಮಾತ್ರ ಔಷಧ ಪಡೆದವರಲ್ಲಿ ಶೇ. 6.4, ಹುಸಿ ಮಾತ್ರೆಯವರಲ್ಲಿ ಶೇ. 5.1 ಕಂಡುಬಂತು. ಗಾಬರಿ ಹುಟ್ಟಿತು, 2011ರಲ್ಲಿ ಎಫ್‌ಡಿಎ ಎಚ್ಚರಿಕೆಯನ್ನೂ ಸೇರಿಸಿತು. ಅದೇ ಗಂಡಸರನ್ನು ಹದಿನೆಂಟು ವರ್ಷಗಳವರೆಗೆ ಹಿಂಬಾಲಿಸಿ 2013ರಲ್ಲಿ ನೋಡಿದಾಗ, ಎರಡೂ ಗುಂಪುಗಳಲ್ಲಿ ಬದುಕುಳಿದವರ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಕಾಲವು ಒಂದು ಭರವಸೆಯನ್ನು ಕರಗಿಸಿದಂತೆ ಒಂದು ಭಯವನ್ನೂ ಕರಗಿಸಿತು.

ಈ ಪ್ರಸಂಗದಿಂದ ಹಿರಿಯರು ನೆನಪಿಡಬೇಕಾದ ಸಂಗತಿಯೊಂದಿದೆ. ಪ್ರಾಸ್ಟೇಟ್ ತಪಾಸಣೆಗೆ ಮಾಡುವ ಪಿಎಸ್‌ಎ ರಕ್ತಪರೀಕ್ಷೆಯ ಅಂಕಿಯನ್ನು ಫಿನಾಸ್ಟರೈಡ್ ಸುಮಾರು ಅರ್ಧಕ್ಕೆ ಇಳಿಸುತ್ತದೆ. ಕೂದಲಿನ ಮಾತ್ರೆಯ ವಿಷಯವನ್ನು ವೈದ್ಯರಿಗೆ ಹೇಳದಿದ್ದರೆ, ಅಪಾಯದ ಅಂಕಿಯೂ ಸುರಕ್ಷಿತವೆಂದು ಕಾಣಬಹುದು.

ಮುಚ್ಚಿಡದಿದ್ದರೂ ಬೆಲೆ ತೆತ್ತವರುಂಟು. ಅಮೆರಿಕದ ಹಿಮಕ್ರೀಡಾಪಟು ಜ್ಯಾಕ್ ಲಂಡ್ ಅವರು ವರ್ಷಗಳಿಂದ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದು, ಅದನ್ನು ಬಹಿರಂಗವಾಗಿಯೇ ಬರೆದುಕೊಡುತ್ತಿದ್ದರು. ಬೇರೆ ಉದ್ದೀಪಕಗಳನ್ನು ಮರೆಮಾಚಬಲ್ಲದೆಂದು 2005ರಲ್ಲಿ ಅದು ನಿಷೇಧದ ಪಟ್ಟಿಗೆ ಸೇರಿದ್ದನ್ನು ಅವರು ಗಮನಿಸಲಿಲ್ಲ. 2006ರ ಟುರಿನ್ ಒಲಿಂಪಿಕ್ಸ್ ಕೈತಪ್ಪಿತು. 2009ರಲ್ಲಿ ಆ ನಿಷೇಧವೇ ರದ್ದಾಯಿತು.

ಇಂದಿನ ಸಂತೆ

2013ರ ಸುಮಾರಿಗೆ ಪ್ರೊಪೇಸಿಯಾದ ಪೇಟೆಂಟ್ ಮುಗಿದು ಮಾತ್ರೆ ಅಗ್ಗವಾಯಿತು. ಈಗ ಫೋನಿನಲ್ಲಿ ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಿದರೆ ಪೆಟ್ಟಿಗೆ ಮನೆಬಾಗಿಲಿಗೆ ಬರುತ್ತದೆ. ನಮ್ಮ ತರುಣನಿಗೂ ಹಾಗೆಯೇ ಬಂದಿತ್ತು. ಊರಿಗೆ ಹೋದವರು ಸೂಟ್‌ಕೇಸಿನಲ್ಲಿ ತರುವ ಸೀಸೆಗಳಲ್ಲಿ ಮಿನಾಕ್ಸಿಡಿಲ್ ಜೊತೆ ಫಿನಾಸ್ಟರೈಡ್ ಬೆರೆತಿರುವುದೂ ಉಂಟು. ಹೆಸರಿನ ಕೆಳಗಿನ ಸಣ್ಣ ಅಕ್ಷರಗಳನ್ನು ಓದಬೇಕು. ಹಚ್ಚುವ ಫಿನಾಸ್ಟರೈಡ್‌ಗೆ ಎಫ್‌ಡಿಎ ಅನುಮತಿ ಇಲ್ಲ. ಔಷಧಾಲಯಗಳು ಮಿಶ್ರಣ ಮಾಡಿ ಕೊಡುವ ಇಂಥ ದ್ರಾವಣಗಳಿಂದ ತೊಂದರೆಯಾದ 32 ಪ್ರಕರಣಗಳು 2019ರಿಂದ 2024ರ ನಡುವೆ ವರದಿಯಾಗಿವೆಯೆಂದು ಅದು 2025ರ ಏಪ್ರಿಲಿನಲ್ಲಿ ಎಚ್ಚರಿಸಿತು. ಮಾತ್ರೆ ಪುಡಿಮಾಡಿ ಹಚ್ಚಿದ 1980ರ ದಶಕದ ದೃಶ್ಯ ನೆನಪಾಗದಿರದು.

ಮಿನಾಕ್ಸಿಡಿಲ್ ಕೂಡ ಹಳೆಯ ದಾರಿಗೆ ಮರಳಿದೆ. ರಕ್ತದೊತ್ತಡಕ್ಕೆ ಕೊಡುತ್ತಿದ್ದುದಕ್ಕಿಂತ ಬಹಳ ಕಡಿಮೆ ಪ್ರಮಾಣದ ಮಾತ್ರೆಯನ್ನು ಚರ್ಮವೈದ್ಯರು ಈಗ ಗಂಡಸರಿಗೂ ಹೆಂಗಸರಿಗೂ ಬರೆದುಕೊಡುತ್ತಿದ್ದಾರೆ. 1,404 ರೋಗಿಗಳನ್ನು ಕುರಿತ 2021ರ ಅಧ್ಯಯನದಲ್ಲಿ ಅತಿ ಸಾಮಾನ್ಯ ತೊಂದರೆಯೆಂದರೆ ಬೇಡದ ಕಡೆ ಕೂದಲು ಬೆಳೆಯುವುದು, ಶೇ. 15.1ರಷ್ಟು ಮಂದಿಗೆ, ತಲೆಸುತ್ತು, ಕಾಲಿನ ಊತ, ಎದೆಬಡಿತ ವಿರಳ. ಫಲಿತಾಂಶ ನೆಮ್ಮದಿ ತರುವಂಥದೇ. ಆದರೆ ಇದೂ ಕೆಲವೇ ವರ್ಷಗಳ ಲೆಕ್ಕವೆಂಬುದನ್ನು ಫಿನಾಸ್ಟರೈಡ್ ಕಥೆ ಓದಿದವರು ಮರೆಯಲಾರರು. ಮಿನಾಕ್ಸಿಡಿಲ್ ಹಚ್ಚಿಕೊಂಡ ತಂದೆಯ ಚರ್ಮದ ಸಂಪರ್ಕದಿಂದ ಹಸುಗೂಸುಗಳ ಮೈಮೇಲೆ ಕೂದಲು ಬೆಳೆದ ವರದಿಗಳೂ ಯುರೋಪಿನಿಂದ ಬಂದಿವೆ. ಹಚ್ಚಿಕೊಂಡ ಮೇಲೆ ಕೈ ತೊಳೆಯಬೇಕು, ಆ ಜಾಗ ಮಗುವಿಗೆ ತಾಕದಂತೆ ನೋಡಿಕೊಳ್ಳಬೇಕು.

ಮೂರನೆಯ ಪ್ರಶ್ನೆ

"ಅಷ್ಟು ವರ್ಷ ತಗೊಂಡ್ರೆ ಏನೂ ಆಗಲ್ವಾ?"

ನಾವು ಕಂಡುಕೊಂಡ ಉತ್ತರ ಇಷ್ಟು: ಬಹುಪಾಲು ಜನರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ತೊಂದರೆಯಾಗಿ, ನಿಲ್ಲಿಸಿದ ಮೇಲೆ ಹೋಗುತ್ತದೆ, ಇನ್ನು ಕೆಲವರು ನಿಲ್ಲಿಸಿದರೂ ಹೋಗಲಿಲ್ಲವೆಂದು ಹೇಳಿದ್ದಾರೆ, ಅವರ ಮಾತನ್ನು ಜಗತ್ತಿನ ಔಷಧ ಸಂಸ್ಥೆಗಳು ತಡವಾಗಿಯಾದರೂ ದಾಖಲಿಸಿವೆ. ಆ ಕೊನೆಯ ಗುಂಪು ಎಷ್ಟು ದೊಡ್ಡದೆಂದು, ಅದರಲ್ಲಿ ಯಾರು ಸೇರುತ್ತಾರೆಂದು ಮುಂಚಿತವಾಗಿ ಹೇಳುವ ವಿಧಾನ ಇಂದಿಗೂ ಇಲ್ಲ. ಹೃದಯದ ಕಾಯಿಲೆಗೆ ಔಷಧ ಬೇಕಾದವನು ಇಂಥ ಅನಿಶ್ಚಿತತೆಯನ್ನು ಸಹಿಸಿಕೊಳ್ಳಬೇಕಾಗುತ್ತದೆ. ಬೋಳುತಲೆಯಿಂದ ಯಾರ ಜೀವವೂ ಹೋಗದು. ಆದ್ದರಿಂದ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನಿದೆಯೆಂಬುದನ್ನು ಪ್ರತಿಯೊಬ್ಬನೂ ತಾನೇ ನೋಡಿಕೊಳ್ಳಬೇಕು.

ಆ ತಟ್ಟೆಯನ್ನು ಹಗುರವೆಂದು ನಾವು ಹಿರಿಯರು ತಳ್ಳಿಹಾಕಬಾರದು. 2017ರಲ್ಲಿ ಬಂದ ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ ಚಿತ್ರದ ಕನ್ನಡ ಉಪನ್ಯಾಸಕನನ್ನು ನೋಡಿ ನಾವೆಲ್ಲ ನಕ್ಕಿದ್ದೇವೆ. ಹೆಣ್ಣು ಸಿಗದ ಅವನ ಪಾಡಿನಲ್ಲಿ ನಗುವಷ್ಟೇ ನೋವೂ ಇತ್ತು. ಮದುವೆಯ ಮಾತುಕತೆಯಲ್ಲಿ "ಹುಡುಗನಿಗೆ ಕೂದಲು ಸ್ವಲ್ಪ ಕಡಿಮೆ" ಎಂದವರು ನಾವೇ. ನಮ್ಮ ಸಮಾರಂಭಗಳಲ್ಲಿ ತಲೆ ಸವರಿ ತಮಾಷೆ ಮಾಡಿದ ಮಾವಂದಿರೂ ನಾವೇ. ನಮ್ಮ ಮಕ್ಕಳು ಬಾಗಿಲು ಹಾಕಿಕೊಂಡು ಮಾತ್ರೆ ನುಂಗಲು ನಮ್ಮ ಆ ಮಾತುಗಳೂ ಕಾರಣವಲ್ಲವೇ?

ಗುಟ್ಟಾಗಿ ತೆಗೆದುಕೊಳ್ಳುವುದೇ ಈ ಔಷಧದ ದೊಡ್ಡ ಅಪಾಯವೆಂದು ನಮಗೆ ಅನ್ನಿಸುತ್ತದೆ. ಇಪ್ಪತ್ತರ ಹುಡುಗನ ಮನಸ್ಸು ಮಂಕಾದಾಗ ಅದನ್ನು ಮೊದಲು ಗಮನಿಸುವವರು ಮನೆಯವರು. ಮಾತ್ರೆಯ ವಿಷಯವೇ ತಿಳಿಯದಿದ್ದರೆ ಅವರು ಓದಿನ ಒತ್ತಡ, ಕೆಲಸದ ಚಿಂತೆ ಎಂದುಕೊಳ್ಳುತ್ತಾರೆ. ಆದ್ದರಿಂದ ಆರಂಭಿಸುವ ಮುನ್ನ ವೈದ್ಯರನ್ನು ಮುಖಾಮುಖಿ ಕಾಣಬೇಕು. ಹಿಂದೆ ಖಿನ್ನತೆ ಕಾಡಿದ್ದರೆ ಅದನ್ನು ಹೇಳಬೇಕು. ಆರಂಭಿಸಿದ ದಿನಾಂಕವನ್ನು ಬರೆದಿಡಬೇಕು. ಮನೆಯಲ್ಲಿ ಒಬ್ಬರಿಗಾದರೂ ತಿಳಿದಿರಬೇಕು. ಮನಸ್ಸು ಕುಗ್ಗಿದರೆ ಕೂದಲಿನ ಮಾತ್ರೆಯನ್ನು ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಬೇಕೆಂಬುದು ಯುರೋಪಿನ ಸಂಸ್ಥೆಯ ಸೂಚನೆ. ಸಾಯುವ ಆಲೋಚನೆ ಸುಳಿದರೆ ಅಮೆರಿಕದಲ್ಲಿ 988 ಸಂಖ್ಯೆಗೆ ಹಗಲುರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು.

ಆ ತರುಣನೂ ತಾಯಿಯೂ ಅನಂತರ ಜೊತೆಯಾಗಿ ವೈದ್ಯರ ಬಳಿ ಹೋಗಿಬಂದರು. ಮಾತ್ರೆಯನ್ನು ಮುಂದುವರಿಸಿದನೋ ನಿಲ್ಲಿಸಿದನೋ ಎಂಬುದನ್ನು ಬರೆಯುವುದು ಬೇಡವೆಂದು ಅವನು ಕೇಳಿಕೊಂಡಿದ್ದಾನೆ. ಓದಿದವರು ಅದನ್ನೇ ಅನುಸರಿಸಿಯಾರೆಂಬ ಅಳುಕು ಅವನಿಗೆ. ನಿರ್ಧಾರ ಏನೇ ಇರಲಿ, ಅದು ಈಗ ಅವನ ಮನೆಯವರಿಗೆಲ್ಲ ತಿಳಿದಿದೆ.